ಸ್ಟ್ಯಾಂಡ್ ಸ್ವಾಮಿ, ಸ್ಟ್ಯಾಂಡ್!

ನಮ್ಮೂರ ರಸ್ತೆಗಳಲ್ಲಿ ದಯೆಗೆ ಒಂದೇ ಘೋಷಣೆ: ‘ಸ್ಟ್ಯಾಂಡ್! ಸ್ಟ್ಯಾಂಡ್!’ ಸೈಡ್ ಸ್ಟ್ಯಾಂಡ್ ಎತ್ತದೆ ಬೈಕ್ ಹೊರಡಿಸಿದವನು ಕಂಡರೆ ಸಾಕು, ಸೊಪ್ಪು ಮಾರುವ ಅಜ್ಜಿಯಿಂದ ಹಿಡಿದು ಬಸ್ ಡ್ರೈವರಣ್ಣನವರೆಗೆ ಎಲ್ಲರಿಗೂ ಅವನು ಹೆತ್ತ ಮಗ. ಅದೇ ಡ್ರೈವರಣ್ಣ ಅರೆಗಳಿಗೆ ಹಿಂದೆ ಅವನಿಗೆ ಬಾಯಿಗೆ ಬಂದಂತೆ ಬೈದಿರುತ್ತಾನೆ, ಆ ಮಾತು ಬೇರೆ.

ಸೀರೆಯ ಸೆರಗು ಚಕ್ರದ ಹತ್ತಿರ ಇಳಿಬಿದ್ದರೆ ನಾಲ್ಕು ಗಾಡಿಯವರು ಹಾರ್ನ್ ಹೊಡೆಯುತ್ತಾ ಬೆನ್ನು ಹತ್ತುತ್ತಾರೆ. ಯಾಕೆಂದು ತಿಳಿಯದೆ ಆಕೆಯ ಗಂಡ ಇನ್ನೂ ಜೋರಾಗಿ ಓಡಿಸುತ್ತಾನೆ! ಹಗಲಲ್ಲಿ ಹೆಡ್‌ಲೈಟ್ ಉರಿದರೆ ಎದುರು ಬರುವವರು ಬೆರಳು ಮಡಚಿ ಬಿಡಿಸಿ ಸನ್ನೆ ಮಾಡುತ್ತಾರೆ. ಹೊಸ ದ್ವಿಚಕ್ರ ವಾಹನಗಳಲ್ಲಿ ಇಂಜಿನ್ ಓಡುವಾಗ ದೀಪ ಉರಿಯಲೇಬೇಕೆಂಬ ನಿಯಮ ಬಂದದ್ದು 2017ರ ಏಪ್ರಿಲ್‌ನಲ್ಲಿ. ಆರಿಸೋಣವೆಂದರೆ ಸ್ವಿಚ್ಚೇ ಇಲ್ಲ. ಹಾಗೆಂದು ಒಳ್ಳೆಯವರಿಗೆ ನಿಯಮ ಹೇಳುತ್ತಾ ಕೂರುವುದುಂಟೇ? ತಲೆಯಾಡಿಸಿ ಮುಂದೆ ಹೋಗಬೇಕು.

ಪೆಟ್ರೋಲ್ ಮುಗಿದರೆ ಗುರುತೇ ಇಲ್ಲದವನೊಬ್ಬ ಹಿಂದಿನಿಂದ ಕಾಲು ಚಾಚಿ ಬಂಕ್‌ವರೆಗೂ ನಮ್ಮ ಗಾಡಿ ತಳ್ಳುತ್ತಾನೆ. ಕಾಲಲ್ಲಿ ಒದ್ದು ಉಪಕಾರ ಮಾಡುವುದು ಇದೊಂದರಲ್ಲೇ.

ಇಷ್ಟೆಲ್ಲ ಮಾಡುವ ನಾವು, ಯಾರಾದರೂ ಬಿದ್ದು ಗಾಯಗೊಂಡರೆ ಮಾತ್ರ ‘ಪೊಲೀಸು, ಕೋರ್ಟು ನಮಗ್ಯಾಕಪ್ಪಾ’ ಎಂದು ಮೊಬೈಲ್ ಎತ್ತಿ ಹಿಂದೆ ನಿಲ್ಲುತ್ತೇವೆ. ಆ ನೆಪವೂ ಈಗಿಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಂ ನೆರವಿಗೆ ಧಾವಿಸಿದವರಿಗೆ ರಕ್ಷಣೆ ಕೊಡುತ್ತದೆ. ಹೆಸರು, ವಿಳಾಸ ಹೇಳಲೇಬೇಕೆಂಬ ಬಲವಂತವಿಲ್ಲ. ಧೈರ್ಯವಾಗಿ ಪುಣ್ಯ ಕಟ್ಟಿಕೊಳ್ಳಿ. ಚಿತ್ರಗುಪ್ತನೂ ಇನ್ನೂ ಆಧಾರ್ ಕೇಳಲು ಶುರು ಮಾಡಿಲ್ಲ.