ಸ್ಪ್ಯಾನರ್‌ಪಾಣಿ

ತನ್ನ ಸಣ್ಣ ಕಾರಿನ ವಾರ್ಷಿಕ ಸರ್ವೀಸನ್ನು ಮನೆಯ ಮುಂದೆ ತನ್ನ ಕೈಯಾರೆ ಮಾಡಿಕೊಳ್ಳುವ ಗೃಹಸ್ಥನೇ ಸ್ಪ್ಯಾನರ್‌ಪಾಣಿ. ವಯಸ್ಸು ನಲವತ್ತೈದರ ಮೇಲೆ. ವೃತ್ತಿ ಬ್ಯಾಂಕು, ವಿಮಾ ಕಚೇರಿ, ವಿದ್ಯುತ್ ಇಲಾಖೆ ಅಥವಾ ಹೈಸ್ಕೂಲಿನ ಗಣಿತ. ನಿವೃತ್ತಿಯಾಗಿದ್ದರೆ ರೋಗ ಉಲ್ಬಣ. ಮೆಕ್ಯಾನಿಕಲ್ ಎಂಜಿನಿಯರುಗಳು ಈ ಪಂಗಡದಲ್ಲಿ ಕಡಿಮೆ. ಅವರು ಕಾರನ್ನು ಗ್ಯಾರೇಜಿಗೆ ಬಿಟ್ಟು ಆಟೊ ಹತ್ತಿ ಮನೆಗೆ ಬರುತ್ತಾರೆ. ಬೆಂಗಳೂರಿನ ರಾಜಾಜಿನಗರ, ಮೈಸೂರಿನ ಕುವೆಂಪುನಗರ, ಹುಬ್ಬಳ್ಳಿಯ ವಿದ್ಯಾನಗರದಂಥ ಬಡಾವಣೆಗಳು ಇವನ ನೆಲೆ. ಗೇಟಿನ ಒಳಗೆ ಒಂದು ಕಾರು ನಿಂತು, ಪಕ್ಕದಲ್ಲಿ ಒಬ್ಬ ಮನುಷ್ಯ ಮಲಗುವಷ್ಟು ಸಿಮೆಂಟು ನೆಲ ಇದ್ದರೆ ಸಾಕು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲೂ ಕೆಲವರು ಬೇರೂರಲು ನೋಡಿದ್ದುಂಟು. ಆದರೆ ಅಲ್ಲಿ ಮೊದಲ ಹನಿ ಆಯಿಲ್ ನೆಲ ಮುಟ್ಟುವ ಮೊದಲೇ ಅದರ ಫೋಟೊ ನಿವಾಸಿಗಳ ವಾಟ್ಸ್ಆ್ಯಪ್ ಗುಂಪನ್ನು ಮುಟ್ಟಿರುತ್ತದೆ.

ಈ ತಳಿಯನ್ನು ಬೆಳೆಸಿದ್ದು ಮಾರುತಿ 800. ಅದಕ್ಕೂ ಹಿಂದೆ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರೂ ಬಾನೆಟ್ ಎತ್ತುತ್ತಿದ್ದರು. ಅದು ಹವ್ಯಾಸವಲ್ಲ, ಗತಿ. ಶಿರಾಡಿ ಘಾಟಿಯ ತಿರುವಿನಲ್ಲಿ ರೇಡಿಯೇಟರ್ ಕುದಿಯತೊಡಗಿದರೆ ಮಾಡುವುದೇನು? 1983ರ ಡಿಸೆಂಬರಿನಲ್ಲಿ ಮೊದಲ ಗ್ರಾಹಕರ ಕೈಗೆ ಕೀಲಿ ಸಿಕ್ಕು, 2014ರ ಜನವರಿಯಲ್ಲಿ ತಯಾರಿಕೆ ನಿಂತ 800 ಸುಮ್ಮಸುಮ್ಮನೆ ಕೆಡುವ ಕಾರಲ್ಲ. ಕೆಡದ ಕಾರನ್ನು ಬಿಚ್ಚುವುದರಲ್ಲೇ ಹವ್ಯಾಸದ ಸುಖ. 796 ಸಿಸಿ, ಮೂರು ಸಿಲಿಂಡರು. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕಂಡಲ್ಲಿಗೆ ಕೈ ಹೋಗುತ್ತದೆ, ಕೈಗೆ ಸಿಕ್ಕಿದ್ದನ್ನು ಹಿಡಿದು ಅಲ್ಲಾಡಿಸಬಹುದು. 2000ದಲ್ಲಿ ಬಂದ ಆಲ್ಟೊದಲ್ಲೂ 796 ಸಿಸಿಯ ಎಂಜಿನ್ನೇ ಇದ್ದುದರಿಂದ, ಒಂದು ಕಾರಿನಲ್ಲಿ ಕಲಿತ ವಿದ್ಯೆ ಇನ್ನೊಂದಕ್ಕೂ ಸಂದಿತು.

ದುಡ್ಡು ಉಳಿಸಲು ಇಷ್ಟೆಲ್ಲ ಎಂದು ಅವನು ಹೇಳುತ್ತಾನೆ. ನಂಬಬೇಕಿಲ್ಲ. ಸ್ಪ್ಯಾನರ್‌ಪಾಣಿ ಹುಟ್ಟುವುದು ಅನುಮಾನದಿಂದ, ಅದೂ ಗ್ಯಾರೇಜಿನ ಬಿಲ್ಲಿನ ಎರಡನೇ ಪುಟದಲ್ಲಿ. ಮೊದಲ ಪುಟದ ಆಯಿಲು, ಫಿಲ್ಟರು, ವಾಷರುಗಳ ಬಗ್ಗೆ ತಕರಾರಿಲ್ಲ. ಎರಡನೆಯದರಲ್ಲಿ ಥ್ರಾಟಲ್ ಬಾಡಿ ಕ್ಲೀನಿಂಗ್, ಎಂಜಿನ್ ಫ್ಲಶ್, ಏಸಿ ಡಿಸ್‌ಇನ್‌ಫೆಕ್ಷನ್, ಕೊನೆಗೆ ಏನೆಂದೇ ಹೇಳದ ‘ಕನ್ಸ್ಯೂಮಬಲ್ಸ್’ ಇರುತ್ತವೆ. ಇವುಗಳಲ್ಲಿ ಯಾವುದು ನಡೆಯಿತು, ಯಾವುದು ಬರೀ ಪ್ರಿಂಟ್ ಆಯಿತು ಎಂದು ತಿಳಿಯುವ ದಾರಿಯಿಲ್ಲ. ಗ್ರಾಹಕನನ್ನು ಗಾಜಿನ ಗೋಡೆಯಾಚೆ ಕಾಫಿ ಕೊಟ್ಟು ಕೂರಿಸಿರುತ್ತಾರೆ. ಮನೆಗೆ ಬಂದು ಏರ್ ಫಿಲ್ಟರಿನ ಡಬ್ಬಿ ತೆರೆದು ನೋಡಿದರೆ, ಹೋದ ವರ್ಷದ ಒಣ ಹೊಂಗೆ ಎಲೆ ಅಲ್ಲೇ ಇದೆ. ಅಂದಿನಿಂದ ಅವನು ಯಾರನ್ನೂ ನಂಬುವುದಿಲ್ಲ. ಅವನ ಅನುಮಾನ ಪೂರ್ತಿ ಆಧಾರವಿಲ್ಲದ್ದು ಎಂದೂ ಹೇಳಲಾಗದು.

ಮೊದಲ ಹಂತ ಆಯುಧ ಸಂಗ್ರಹ. ಬೆಂಗಳೂರಿನವನಾದರೆ ಎಸ್.ಜೆ.ಪಿ. ರಸ್ತೆಯಿಂದ 108 ಸಾಮಾನುಗಳ ಟೂಲ್ ಸೆಟ್ ತರುತ್ತಾನೆ. ಇದು ಅಂಗಡಿಯವನು ಭಕ್ತಿಯಿಂದ ಇಟ್ಟ ಲೆಕ್ಕವಲ್ಲ, ಸೆಟ್ಟುಗಳು ಬರುವುದೇ ಹಾಗೆ. ಆದರೂ ಕೊಂಡವನಿಗೆ ಅಷ್ಟೋತ್ತರ ಮುಗಿಸಿದ ತೃಪ್ತಿ. ಸರ್ವೀಸಿಗೆ ನಿಜಕ್ಕೂ ಬೇಕಾಗುವುದು ಇವುಗಳಲ್ಲಿ ನಾಲ್ಕೋ ಐದೋ. ಅವುಗಳಲ್ಲೂ ಹೆಜ್ಜೆಹೆಜ್ಜೆಗೆ ಬೇಕಾಗುವ ಹತ್ತನೇ ನಂಬರು ಬೇಗನೆ ಎಲ್ಲೋ ಉರುಳಿಹೋಗಿ 107 ಉಳಿಯುತ್ತವೆ. ಅವನ್ನು ಅವನು ಬಳಸುವುದಿಲ್ಲ, ಎರವಲೂ ಕೊಡುವುದಿಲ್ಲ. ಪಕ್ಕದ ಮನೆಯವರು ನಲ್ಲಿ ಬಿಗಿ ಮಾಡಲು ಸ್ಪ್ಯಾನರ್ ಕೇಳಿದರೆ ತಾನೇ ಸ್ಪ್ಯಾನರಿನ ಜೊತೆಗೆ ಹೋಗಿ, ನಲ್ಲಿ ಬಿಗಿ ಮಾಡಿ, ಸ್ಪ್ಯಾನರನ್ನು ಕರೆದುಕೊಂಡು ಬರುತ್ತಾನೆ.

ಬಿಡಿಭಾಗಗಳಿಗೆ ಜೆ.ಸಿ. ರಸ್ತೆ. ‘ಆಲ್ಟೊಗೆ ಆಯಿಲ್ ಫಿಲ್ಟರ್ ಕೊಡಿ’ ಎಂದರೆ ಕೌಂಟರಿನ ಹುಡುಗ ತಲೆ ಎತ್ತದೆ ‘ಯಾವ ಮಾಡೆಲ್ಲು? ಒರಿಜಿನಲ್ಲಾ, ಲೋಕಲ್ಲಾ?’ ಎನ್ನುತ್ತಾನೆ. ಒರಿಜಿನಲ್ ಎಂದು ಕೊಟ್ಟದ್ದರ ಹಾಲೊಗ್ರಾಮನ್ನು ಬೀದಿಗೆ ತಂದು ಬಿಸಿಲಿಗೆ ಹಿಡಿದು ಪರೀಕ್ಷಿಸುವುದು ವಾಡಿಕೆ. ಅಸಲಿ ಹಾಲೊಗ್ರಾಮ್ ಹೇಗಿರುತ್ತದೆ ಎಂದು ಅವನೂ ನೋಡಿಲ್ಲ, ಅದು ಬೇರೆ ಮಾತು. ಆಯಿಲಿನ ವಿಚಾರದಲ್ಲಿ ಮಾತ್ರ ಅವನು ಪಂಡಿತ. 5ಡಬ್ಲ್ಯು-30 ಎಂಬುದರಲ್ಲಿ ಡಬ್ಲ್ಯು ಚಳಿಗಾಲದ ಗುರುತು, ಅದರ ಹಿಂದಿನ 5 ಎಂದರೆ ಮೈನಸ್ 30 ಡಿಗ್ರಿಯಲ್ಲೂ ಎಂಜಿನ್ ತಿರುಗಿಸಲು ಆಗುವಷ್ಟು ತೆಳು ಎಂದು ಕೇಳದವರಿಗೂ ವಿವರಿಸುತ್ತಾನೆ. ದಾವಣಗೆರೆಯಲ್ಲಿ ಮೈನಸ್ 30 ಯಾವಾಗ ಎಂದು ಕೇಳುವ ಭಾವಮೈದ ಎಲ್ಲ ಮನೆಯಲ್ಲೂ ಒಬ್ಬ ಇರುತ್ತಾನೆ. ತೆಳು ಆಯಿಲು ಬೆಳಗಿನ ಮೊದಲ ಸ್ಟಾರ್ಟಿನಲ್ಲೇ ಮೇಲಿನ ಭಾಗಗಳಿಗೆ ಬೇಗ ಏರುತ್ತದೆ, ಸವೆತ ಹೆಚ್ಚಾಗುವುದು ಆ ಕೆಲವು ಸೆಕೆಂಡುಗಳಲ್ಲೇ ಎಂಬುದು ಸರಿಯಾದ ಉತ್ತರ. ಅದು ಹೊಳೆಯುವುದು ಭಾವಮೈದ ಊರಿಗೆ ಹೋದ ಮೇಲೆ.

ಸಣ್ಣ ಕಾರುಗಳ ಕೈಪಿಡಿಗಳು ಸಾಮಾನ್ಯವಾಗಿ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಆಯಿಲ್ ಬದಲಿಸಿ ಎನ್ನುತ್ತವೆ. ತರಕಾರಿ ಮಾರ್ಕೆಟ್ಟು, ಮದುವೆ ಮನೆ, ವರ್ಷಕ್ಕೊಮ್ಮೆ ಧರ್ಮಸ್ಥಳ ಬಿಟ್ಟು ಬೇರೆಡೆ ಹೋಗದ ಕಾರಿಗೆ ಯಾವಾಗಲೂ ವರ್ಷವೇ ಮೊದಲು. ಆದ್ದರಿಂದ ಮುಹೂರ್ತ ಆಯುಧಪೂಜೆಗೆ ಹಿಂದಿನ ಭಾನುವಾರ. ಪೂಜೆಯ ದಿನ ಸ್ಪ್ಯಾನರುಗಳಿಗೂ ಕುಂಕುಮ ಇಡುವುದಿರುತ್ತದೆ. ಅಂದು ಅವನ್ನು ಕೆಲಸಕ್ಕೆ ಹಚ್ಚುವಂತಿಲ್ಲ.

ಕೆಲಸ ಶುರುವಾಗುವುದು ಜಾಕಿಯಿಂದ, ಅಪಾಯವೂ ಅಲ್ಲಿಂದಲೇ. ಕಾರಿನ ಜೊತೆ ಬರುವ ಕತ್ತರಿ ಜಾಕಿ ಸ್ಟೆಪ್ನಿ ಬದಲಿಸಲಿಕ್ಕೆ ಮಾತ್ರ. ಅದರ ಮೇಲೆ ನಿಂತ ಗಾಡಿಯ ಕೆಳಗೆ ನುಸುಳುವುದು ಆತ್ಮಹತ್ಯೆಗೆ ಹತ್ತಿರದ ಕೆಲಸ. ಕಾಂಕ್ರೀಟ್ ಬ್ಲಾಕುಗಳೂ ಸುಳಿವು ಕೊಡದೆ ಸೀಳುತ್ತವೆ. ಭದ್ರವಾದ ಸ್ಟ್ಯಾಂಡು ಅಥವಾ ರ‍್ಯಾಂಪು, ಹಿಂಚಕ್ರಗಳಿಗೆ ಅಡ್ಡಗಲ್ಲು, ಮೇಲಕ್ಕೆಳೆದ ಹ್ಯಾಂಡ್ ಬ್ರೇಕು, ಇವಿಲ್ಲದವನು ಕಾರಿನ ಮೇಲ್ಭಾಗವನ್ನಷ್ಟೇ ಸರ್ವೀಸ್ ಮಾಡಿಕೊಂಡಿರುವುದು ಒಳ್ಳೆಯದು.

ಆಯಿಲ್ ಬಿಡುವ ಮುನ್ನ ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಬೇಕು. ಬೆಚ್ಚಗಾದ ಆಯಿಲು ತೆಳುವಾಗಿ, ಕೊಳೆಯನ್ನೂ ಹೊತ್ತು ಇಳಿಯುತ್ತದೆ. ತಳದ ಡ್ರೈನ್ ಬೋಲ್ಟಿನ ನೇರ ಕೆಳಗೆ ಸ್ಪ್ಯಾನರ್‌ಪಾಣಿ ಹಳೆಯ ಬೋಗುಣಿ ಇಡುತ್ತಾನೆ. ಬೋಗುಣಿ ಹಳೆಯದು ಎಂಬುದು ಅವನ ತೀರ್ಮಾನ. ಅಡುಗೆಮನೆಯಲ್ಲಿ ಅದನ್ನಿನ್ನೂ ಹುಡುಕುತ್ತಿರುತ್ತಾರೆ. ಬೋಲ್ಟಿನ ಕೊನೆಯ ಎಳೆ ಬಿಡುತ್ತಿದ್ದಂತೆ ಆಯಿಲು ನೇರ ಕೆಳಗೆ ಬೀಳುವುದಿಲ್ಲ, ಒತ್ತಡಕ್ಕೆ ಬಿಲ್ಲಿನಂತೆ ಬಾಗಿ ಗೇಣುದೂರ ಹಾರುತ್ತದೆ. ಅವನು ಮಲಗಿದಲ್ಲಿಂದಲೇ ಬೋಗುಣಿಯನ್ನು ಆಚೆ ತಳ್ಳುತ್ತಾನೆ. ಅಷ್ಟರಲ್ಲಿ ಒಳಗಿನ ಮಟ್ಟ ಇಳಿದು ಧಾರೆ ಹಿಂದೆ ಸರಿಯುತ್ತದೆ. ಇವನು ಮತ್ತೆ ಈಚೆಗೆ ಎಳೆಯುತ್ತಾನೆ. ಗಾಳಿ ಬೀಸಿದರೆ ಮೂರನೆಯ ದಿಕ್ಕೂ ಇದೆ. ಬೋಲ್ಟು ಬೆರಳಿನಿಂದ ಜಾರಿ ಬೋಗುಣಿಯ ತಳ ಸೇರಿರುತ್ತದೆ. ಕಪ್ಪು, ಬಿಸಿ ಆಯಿಲಿನೊಳಗೆ ಕೈಯಿಟ್ಟು ಅದನ್ನು ತಡಕುವ ಈ ಘಳಿಗೆಯಲ್ಲೇ ಜೇಬಿನ ಫೋನು ರಿಂಗಾಗುವುದು. ಮಾರ್ಗದರ್ಶನಕ್ಕೆಂದು ವಿಡಿಯೊ ಹಚ್ಚಿ ಪಕ್ಕದಲ್ಲಿಟ್ಟಿದ್ದ ಇನ್ನೊಂದು ಫೋನು ಅಷ್ಟರಲ್ಲಿ ನಿದ್ದೆಗೆ ಜಾರಿ, ಎಣ್ಣೆಗೈಯ ಬೆರಳಚ್ಚನ್ನು ಒಪ್ಪದೆ ಕಪ್ಪಾಗಿರುತ್ತದೆ.

ಬೋಲ್ಟಿಗೆ ಹೊಸ ವಾಷರ್ ಹಾಕಬೇಕು. ಮೆತ್ತನೆಯ ಲೋಹದ ಈ ಬಿಲ್ಲೆ ಒಮ್ಮೆ ಅಮುಕಿಸಿಕೊಂಡ ಮೇಲೆ ಎರಡನೆಯ ಸಲ ಸರಿಯಾಗಿ ಕೂರುವುದಿಲ್ಲ, ಹನಿಹನಿ ಸೋರುತ್ತದೆ. ಇಡೀ ಸರ್ವೀಸಿನಲ್ಲಿ ಅತಿ ಅಗ್ಗದ ಸಾಮಾನು ಇದು, ಹಾಗಾಗಿ ಮರೆತು ಬಂದ ಸಾಮಾನೂ ಇದೇ. ಅಂಗಡಿಗೆ ಹೋಗಲು ಕಾರು ಬೇಕು. ಕಾರಿನಲ್ಲಿ ಆಯಿಲ್ ಇಲ್ಲ. ಆಯಿಲ್ ಹಾಕಲು ವಾಷರ್ ಬೇಕು. ತರ್ಕಶಾಸ್ತ್ರದಲ್ಲಿ ಇದಕ್ಕೆ ಚಕ್ರಕ ದೋಷ ಎನ್ನುತ್ತಾರೆ, ಬೀದಿಯಲ್ಲಿ ಪಕ್ಕದ ಮನೆ ಹುಡುಗನ ಸ್ಕೂಟರ್ ಎನ್ನುತ್ತಾರೆ. ಭಾನುವಾರ ಅಂಗಡಿ ಮುಚ್ಚಿದ್ದರೆ ಹಳೆಯ ವಾಷರನ್ನೇ ತಿರುವಿ ಹಾಕಿ, ಸೋರಬಾರದೆಂದು ಬೋಲ್ಟನ್ನು ಮೈಮೇಲೆ ದೇವರು ಬಂದಷ್ಟು ಬಿಗಿ ಮಾಡುತ್ತಾನೆ. ಥ್ರೆಡ್ಡು ಹೋಗುವುದು ಹೀಗೆ. ಮನೆ ಸರ್ವೀಸಿನಲ್ಲಿ ಸಡಿಲ ಬಿಟ್ಟು ಕೆಟ್ಟ ಬೋಲ್ಟಿಗಿಂತ ಬಿಗಿ ಮಾಡಿ ಕೆಟ್ಟದ್ದೇ ಜಾಸ್ತಿ.

ಫಿಲ್ಟರಿನ ಕೆಲಸ ಚಿಕ್ಕದು, ಆದರೆ ಅಲ್ಲೊಂದು ಗುಟ್ಟಿದೆ. ಹಳೆಯದನ್ನು ತಿರುಗಿಸಿ ತೆಗೆದಾಗ ಅದರ ರಬ್ಬರ್ ಬಳೆ ಎಂಜಿನ್ನಿಗೇ ಅಂಟಿ ಉಳಿದರೆ ಗಮನಿಸಬೇಕು; ಅದರ ಮೇಲೆ ಹೊಸದನ್ನು ಕೂರಿಸಿದರೆ ಸ್ಟಾರ್ಟ್ ಮಾಡಿದ ಕೂಡಲೇ ಹೊಸ ಆಯಿಲೆಲ್ಲ ನೆಲಕ್ಕೆ. ಹೊಸ ಬಳೆಗೆ ಬೆರಳಿನಿಂದ ಆಯಿಲ್ ಸವರಿ, ತಾಗಿದ ಮೇಲೆ ಮುಕ್ಕಾಲು ಸುತ್ತು ಕೈಯಲ್ಲೇ ಬಿಗಿ ಮಾಡಿದರೆ ಮುಗಿಯಿತು. ಆಮೇಲೆ ಹೊಸ ಆಯಿಲು, ಈ ಕಾರುಗಳಿಗೆ ಸುಮಾರು ಮೂರು ಲೀಟರಿನ ಆಸುಪಾಸು. ಕ್ಯಾನಿನಲ್ಲಿ ಉಳಿದದ್ದನ್ನು ಯಾಕೆ ಬಿಡಬೇಕೆಂದು ಅದನ್ನೂ ಸುರಿಯುವ ಜಿಪುಣತನ ಇಲ್ಲಿ ದುಬಾರಿ. ಮಟ್ಟ ಮೀರಿದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆ ಎಂಜಿನ್ನನ್ನು ಕಾಪಾಡುವುದಿಲ್ಲ. ಡಿಪ್‌ಸ್ಟಿಕ್ಕನ್ನು ಒರೆಸಿ, ಅದ್ದಿ, ಎತ್ತಿ ನೋಡುವಾಗ ಅವನ ಮುಖದಲ್ಲಿ ಜ್ವರ ನೋಡುವ ವೈದ್ಯರ ಗಾಂಭೀರ್ಯ.

ಉಳಿದವು ಬೇಗ ಮುಗಿಯುತ್ತವೆ. ಮೂರು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ನೋಡಿ ‘ಪರವಾಗಿಲ್ಲ’ ಎಂದು ಹಾಕುತ್ತಾನೆ. ಬ್ಯಾಟರಿಯ ನೆಗೆಟಿವ್ ತಂತಿ ಮೊದಲು ಕಳಚಿ, ಟರ್ಮಿನಲ್ಲಿನ ಹಸಿರು ಬೂಷ್ಟನ್ನು ಬಿಸಿನೀರು, ಅಡುಗೆ ಸೋಡಾದಲ್ಲಿ ತೊಳೆದು ವ್ಯಾಸಲಿನ್ ಹಚ್ಚುತ್ತಾನೆ. ಏರ್ ಫಿಲ್ಟರನ್ನಂತೂ ಯಾವ ಗ್ಯಾರೇಜೂ ಮಾಡದಷ್ಟು ಶ್ರದ್ಧೆಯಿಂದ ತಟ್ಟಿ, ಊದಿ, ಮತ್ತೆ ತಟ್ಟುತ್ತಾನೆ. ಹೊಂಗೆ ಎಲೆಯ ಸೇಡು ಇನ್ನೂ ತೀರಿಲ್ಲ. ಬ್ರೇಕಿನ ತಂಟೆಗೆ ಮಾತ್ರ ಹೋಗುವುದಿಲ್ಲ. ಬ್ರೇಕ್ ಆಯಿಲು ಗಾಳಿಯ ತೇವ ಹೀರುತ್ತದೆ, ಒಳಗೆ ಗಾಳಿ ಸೇರಿದರೆ ಪೆಡಲ್ ಪಾತಾಳಕ್ಕೆ ಇಳಿಯುತ್ತದೆ ಎಂಬುದನ್ನು ಓದಿ ತಿಳಿದಿದ್ದಾನೆ. ಸ್ಪ್ಯಾನರ್‌ಪಾಣಿಗಳ ಸರಾಸರಿ ಆಯಸ್ಸು ಚೆನ್ನಾಗಿರುವುದಕ್ಕೆ ಈ ಒಂದು ಹೆದರಿಕೆಯೇ ಕಾರಣವಿರಬೇಕು.

ಟಾರ್ಚ್ ಹಿಡಿಯುವುದು ಮಗನ ಕೆಲಸ. ಬೆಳಕು ಯಾವತ್ತೂ ಬೋಲ್ಟಿಗೆ ಎರಡು ಇಂಚು ಪಕ್ಕಕ್ಕೆ ಬೀಳುತ್ತದೆ, ‘ಇಲ್ಲಿ ಹಿಡಿಯೋ ಅಂದ್ರೆ!’ ಎಂಬ ಕೂಗು ಮೂರು ಮನೆಗೆ ಕೇಳುತ್ತದೆ. ಆ ಮೂರು ಮನೆಯವರು ಒಬ್ಬೊಬ್ಬರಾಗಿ ಬರುತ್ತಾರೆ. ‘ಏನ್ ಸಾರ್, ಗಾಡಿ ಕೆಟ್ಟೋಯ್ತಾ?’ ಎಂಬುದು ಎಲ್ಲರ ಮೊದಲ ಪ್ರಶ್ನೆ. ಕೆಟ್ಟಿಲ್ಲ, ಸರ್ವೀಸ್ ಎಂದರೆ ಅವರ ಮುಖದಲ್ಲಿ ಮೂಡುವುದು ಮೆಚ್ಚುಗೆಯಲ್ಲ, ಕನಿಕರ. ವಾಕಿಂಗ್ ಮುಗಿಸಿ ಬಂದ ಒಬ್ಬರು ಬಾನೆಟ್ಟಿನ ಅಂಚಿಗೆ ಕೈಯೂರಿ, ತಮ್ಮ ಪರಿಚಯದ ಮೆಕ್ಯಾನಿಕ್ ಇದನ್ನೆಲ್ಲ ಅರ್ಧ ಗಂಟೆಯಲ್ಲಿ ಮುಗಿಸುತ್ತಾನೆಂದು ಹೇಳುತ್ತಾರೆ. ಅವರು ಅದನ್ನು ಹೇಳಿ ಮುಗಿಸಲು ತೆಗೆದುಕೊಳ್ಳುವುದೂ ಅಷ್ಟೇ ಹೊತ್ತು.

ಎಲ್ಲ ಜೋಡಿಸಿದ ಮೇಲೆ ನೆಲದ ಮೇಲೆ ಒಂದು ಕ್ಲಿಪ್ಪು ಉಳಿಯುತ್ತದೆ. ಎಲ್ಲಿಯದೆಂದು ಹುಡುಕುವುದು ಒಂದು ಪಂಥ, ಅದಿಲ್ಲದೆಯೂ ಗಾಡಿ ಓಡುತ್ತದೆ ಎಂಬುದು ಇನ್ನೊಂದು. ಎರಡನೆಯ ಪಂಥದವರೇ ಹೆಚ್ಚು. ಅವರ ಮನೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ಹಲವು ವರ್ಷದ ಕ್ಲಿಪ್ಪುಗಳು ಇರುತ್ತವೆ. ನಂತರ ಟ್ರಯಲ್. ನಿನ್ನೆಯವರೆಗೆ ಕಿವಿಗೆ ಬೀಳದ ಸದ್ದುಗಳೆಲ್ಲ ಇಂದು ಕೇಳಿಸುತ್ತವೆ. ಹೆಂಡತಿಯನ್ನು ಕೂರಿಸಿಕೊಂಡು ‘ಪಿಕಪ್ ಬಂದಿದೆ, ಗೊತ್ತಾಗ್ತಿದೆಯಾ?’ ಎಂದು ಕೇಳುತ್ತಾನೆ. ಅವರಿಗೆ ಗೊತ್ತಾಗುವುದು ಸೀಟಿಗೆ ಅಂಟಿದ ಆಯಿಲು.

ಬೋಗುಣಿಯ ಕಪ್ಪು ಆಯಿಲಿನದೇ ಕೊನೆಯ ಸಮಸ್ಯೆ. 2016ರ ನಿಯಮಗಳಂತೆ ಬಳಸಿದ ಎಂಜಿನ್ ಆಯಿಲು ಅಪಾಯಕಾರಿ ತ್ಯಾಜ್ಯ, ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ಮೂರು ಲೀಟರಿಗೆ ಅಂಥವರು ಮನೆ ಬಾಗಿಲಿಗೆ ಬರುವುದಿಲ್ಲ. ಚರಂಡಿಗೆ ಸುರಿದರೆ ಅದು ರಾಜಕಾಲುವೆ ಹಿಡಿದು ಕೆರೆ ಸೇರುತ್ತದೆ. ಗೆದ್ದಲಿಗೆ ಒಳ್ಳೆಯದೆಂದು ಊರಿನ ಅಣ್ಣ ಬೇಲಿಗೂಟಗಳಿಗೆ ಬಳಿಯಲು ಒಯ್ಯುತ್ತಾನೆ. ಗೆದ್ದಲಿನ ಜೊತೆ ಮಣ್ಣೂ ಕೆಡುತ್ತದೆಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ. ಸರಿಯಾದ ದಾರಿ, ಕ್ಯಾನಿಗೆ ತುಂಬಿ ಬೀದಿ ಕೊನೆಯ ಗ್ಯಾರೇಜಿನ ಡ್ರಮ್ಮಿಗೆ ಸುರಿದು ಬರುವುದು. ಯಾರಿಗೆ ಕಾಸು ಕೊಡಬಾರದೆಂದು ಹೊರಟಿದ್ದನೋ ಅವನ ಮುಂದೆಯೇ ಕ್ಯಾನ್ ಹಿಡಿದು ನಿಲ್ಲಬೇಕು. ಮೆಕ್ಯಾನಿಕ್ ಏನೂ ಅನ್ನುವುದಿಲ್ಲ. ‘ವಾಷರ್ ಹೊಸದು ಹಾಕಿದ್ರಾ ಸಾರ್?’ ಎಂದಷ್ಟೇ ಕೇಳುತ್ತಾನೆ.

ಹೊಸ ಕಾರುಗಳು ಈ ಕುಲಕ್ಕೆ ಅನುಕೂಲವಾಗಿಲ್ಲ. ಎಂಜಿನ್ ಮೇಲೆ, ಅಡಿಯಲ್ಲಿ ಪ್ಲಾಸ್ಟಿಕ್ ಮುಚ್ಚಳ. ಕೈ ಹೋಗುವ ಸಂದಿಯಿಲ್ಲ. ಬದಲಿಗೆ ಸ್ಟಿಯರಿಂಗಿನ ಕೆಳಗಿನ ಒಬಿಡಿ ಕಿಂಡಿಗೆ ಬೆಂಕಿಪೊಟ್ಟಣದಷ್ಟು ಸ್ಕ್ಯಾನರ್ ಚುಚ್ಚಿ ಫೋನಿನಲ್ಲಿ ದೋಷದ ಸಂಖ್ಯೆ ಓದಬಹುದು. ಹಳೆಯ ತಲೆಮಾರಿನವರು ಇದನ್ನು ಸರ್ವೀಸ್ ಎಂದು ಒಪ್ಪುವುದಿಲ್ಲ, ಕೈ ಕೊಳೆಯಾಗಲಿಲ್ಲವಲ್ಲ. ಕಾರು ಮಾರುವ ದಿನ ಬಂದಾಗ ಅವರು ಕೊಳ್ಳುವವನ ಮುಂದೆ ಇಡುವುದು ಹಳೆಯ ಬ್ಯಾಂಕ್ ಡೈರಿ: ಪ್ರತಿ ಸರ್ವೀಸಿನ ತಾರೀಖು, ಕಿಲೋಮೀಟರು, ಆಯಿಲಿನ ಹೆಸರು, ಅಂಟಿಸಿದ ರಸೀದಿ, ದುಂಡಗಿನ ಅಕ್ಷರ. ಕೊಳ್ಳುವವನು ಪುಟ ತಿರುವಿ ನೋಡುತ್ತಾನೆ. ‘ಕಂಪೆನಿ ಸರ್ವೀಸ್ ರೆಕಾರ್ಡ್ ಇಲ್ವಾ ಸಾರ್?’ ಎಂದು ಕೇಳಿ, ಇಲ್ಲವೆಂದಾಗ ಹತ್ತು ಸಾವಿರ ಇಳಿಸಿ ಕೇಳುತ್ತಾನೆ.