ನಿವೃತ್ತ ವೈರ್‌ಲೆಸ್ಸಿನ ಮರುನೇಮಕ

ಹ್ಯಾಮ್ ರೇಡಿಯೋದವರ ಮನೆಯಲ್ಲಿ ಎರಡೇ ಬಗೆಯ ಸಾಮಾನು: ಕೆಟ್ಟದ್ದು, ಮತ್ತು ಅದನ್ನು ಸರಿಮಾಡಲೆಂದು ಬಿಚ್ಚಿಟ್ಟ ಒಳ್ಳೆಯದು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ, ಯಾವುದೋ ಜೀಪಿನಲ್ಲಿ ದುಡಿದು ದಣಿದ ವೈರ್‌ಲೆಸ್ ಸೆಟ್ಟೊಂದು ಬಂತೆಂದರೆ ಮೊದಲ ವಿಚಾರಣೆ ಹೆಂಡತಿಯದು.

"ಇದು ಹಾಡು ಹೇಳುತ್ತೇನ್ರೀ?"

"ಇನ್ನೂ ಉಸಿರೇ ಬಿಟ್ಟಿಲ್ಲ ಕಣೇ."

13.8 ವೋಲ್ಟ್ ಕೊಟ್ಟ ಕೂಡಲೇ ಫ್ಯೂಸ್ ಹಾರಿದರೆ ಸಂತೋಷಪಡಿ. ಹಿಂದಿನವರು ಯಾರೋ ಪ್ಲಸ್-ಮೈನಸ್ ಅದಲುಬದಲು ಮಾಡಿರಬೇಕು. ಅಡ್ಡ ನಿಂತ ಡಯೋಡು ಸೆಟ್ಟನ್ನು ಉಳಿಸಿ ತಾನು ಪ್ರಾಣ ಬಿಟ್ಟಿರಬಹುದು. ಈ ಹುತಾತ್ಮನ ಬೆಲೆ ಒಂದು ಲೋಟ ಕಾಫಿಗಿಂತ ಕಡಿಮೆ.

ನಿಜವಾದ ಪಾಡು ಆಮೇಲಿನದು. ಸೆಟ್ಟಿಗೆ ಅಭ್ಯಾಸವಾಗಿರುವುದು 150 ಮೆಗಾಹರ್ಟ್ಸ್‌ನ ಮೇಲೆ; ನಮ್ಮ ಎರಡು ಮೀಟರ್ ಬ್ಯಾಂಡು 144ರಿಂದ 146. ತೀರಾ ಹಳೆಯದಾದರೆ ಚಾನೆಲ್ಲಿಗೆ ಎರಡು ಕ್ರಿಸ್ಟಲ್, ಬಾಯಿಗೊಂದು ಕಿವಿಗೊಂದು. ಅವನ್ನು ಬದಲಿಸಿ, ಕಾಯಿಲ್‌ಗಳೊಳಗಿನ ಫೆರೈಟ್ ತಿರುಳನ್ನು ಪ್ಲಾಸ್ಟಿಕ್ ಸ್ಕ್ರೂಡ್ರೈವರಿನಿಂದಲೇ ತಿರುಗಿಸಬೇಕು. ಕಬ್ಬಿಣದ್ದಾದರೆ ಅದು ಒಳಗಿರುವಾಗ ಒಂದು ಟ್ಯೂನಿಂಗ್, ಹೊರತೆಗೆದರೆ ಇನ್ನೊಂದು. ವರ್ಷಗಟ್ಟಲೆ ಅಂಟಿಕೊಂಡ ಆ ತಿರುಳು ಹಳೇಕಾಲದ ಮಾವನವರ ಹಾಗೆ: ಒತ್ತಾಯ ಮಾಡಿದರೆ ಮುರಿದೀತೇ ಹೊರತು ತಿರುಗದು.

ಕಂಪ್ಯೂಟರಿನಿಂದ ಪ್ರೋಗ್ರಾಂ ಮಾಡುವ ಸೆಟ್ಟು ಸುಲಭವಂತೆ. ಹೌದು, ಅದರ ಸಾಫ್ಟ್‌ವೇರು ಡಾಸ್ ಕಾಲದ್ದು. ರೇಡಿಯೋ ರಿಪೇರಿಗೆ ಮುಂಚೆ ಅಟ್ಟದ ಮೇಲಿನ ಕಂಪ್ಯೂಟರಿನ ರಿಪೇರಿ!

ಕೊನೆಗೆ, ಪರೀಕ್ಷೆಗೆಂದು ಆಂಟೆನಾದ ಜಾಗದಲ್ಲಿ ಕೂರಿಸಿದ್ದ ಡಮ್ಮಿ ಲೋಡು ಬಿಚ್ಚಿ, ಆಂಟೆನಾ ಸಿಕ್ಕಿಸಿ ಕರೆದರೆ ಜಯನಗರದಿಂದ ಉತ್ತರ:

"ಐದು-ಒಂಬತ್ತು ಸಾರ್, ಫಸ್ಟ್ ಕ್ಲಾಸ್! ಕುಕ್ಕರು ಮೂರು ಸಲ ಕೂಗಿತು, ಒಲೆ ಆರಿಸಿ. ಓವರ್."