ಎಪ್ಸಿಲಾನ್ ಮೇಷ್ಟ್ರು

ನಮ್ಮ ಕನ್ನಡ ವಿಭಾಗಕ್ಕೂ ಗಣಿತ ವಿಭಾಗಕ್ಕೂ ನಡುವೆ ಒಂದೇ ಗೋಡೆ. ಆಚೆಯಿಂದ ಸೀಮೆಸುಣ್ಣದ ಟಕಟಕ ಕೇಳಿಸಿದರೆ ಅದು ಎಪ್ಸಿಲಾನ್ ಮೇಷ್ಟ್ರ ಪಾಠ. ಹೆಸರು ಹುಡುಗರಿಟ್ಟದ್ದು.

ಹೊಸ ಸಾಫ್ಟ್‌ವೇರು ಯಾವುದೇ ಬರಲಿ, ಮೇಷ್ಟ್ರದು ಎರಡೇ ಪ್ರಶ್ನೆ. ‘ದುಡ್ಡೆಷ್ಟು?’ ಅಂದ ಕೂಡಲೇ ಮ್ಯಾಟ್‌ಲ್ಯಾಬ್ ಮನೆಗೆ ಹೋಯಿತು. ಪುಕ್ಕಟೆ ಸಿಗುವ ಸೈಲ್ಯಾಬು, ಮ್ಯಾಕ್ಸಿಮಾ ಪ್ರಾಕ್ಟಿಕಲ್ ರೆಕಾರ್ಡಿನ ಮಟ್ಟಿಗೆ ಬದುಕಿಕೊಂಡವು. ‘ಇದರಲ್ಲಿ ಪ್ರೂಫ್ ಆಗುತ್ತೇನ್ರೀ?’ ಅಂದಾಗ ಅವೂ ಮಕಾಡೆ.

ಹೊಸದಾಗಿ ಬಂದ ಅತಿಥಿ ಉಪನ್ಯಾಸಕಿಯೊಬ್ಬರು, ಪಾಪ, ಉತ್ಸಾಹದಿಂದ ಜಿಯೋಜೀಬ್ರಾ ತೋರಿಸಿದರು. 2001ರಲ್ಲಿ ಆಸ್ಟ್ರಿಯಾದಲ್ಲಿ ಶುರುವಾದದ್ದು ಸಾರ್, ಇದಕ್ಕೂ ದುಡ್ಡಿಲ್ಲ ಎಂದರು. ತ್ರಿಕೋನದ ಮೂಲೆ ಹಿಡಿದು ಹೇಗೆ ಎಳೆದಾಡಿದರೂ ಮೂರು ಮಧ್ಯರೇಖೆಗಳು ಒಂದೇ ಬಿಂದುವಿನಲ್ಲಿ ಕೂಡುತ್ತಿದ್ದವು. ಹುಡುಗರು ಚಪ್ಪಾಳೆ ಹೊಡೆದರು.

‘ಎಷ್ಟು ತ್ರಿಕೋನ ನೋಡಿದಿರಮ್ಮ?’

‘ಒಂದು ನೂರು ಇರಬಹುದು ಸಾರ್.’

‘ಇನ್ನೆಷ್ಟು ಬಾಕಿ?’

ಪಿಪಿಟಿ ಮಾಡುವುದು ಅವರ ಪ್ರಕಾರ ಕಾಲಹರಣ. ಆದರೆ ಇಂಟರ್ನಲ್ ಪರೀಕ್ಷೆಯ ಒಂದು ಪುಟದ ಪ್ರಶ್ನೆಪತ್ರಿಕೆಯನ್ನು ಲೇಟೆಕ್‌ನಲ್ಲಿ ಕೂರಿಸಲು ಮೂರು ರಾತ್ರಿ ನಿದ್ದೆಗೆಡುತ್ತಾರೆ. ಇಂಟಿಗ್ರಲ್ ಚಿಹ್ನೆ ಕೂದಲೆಳೆಯಷ್ಟು ಕೆಳಗೆ ಕೂತಿತ್ತಂತೆ. ಆಕ್ಷೇಪಿಸಿದರೆ ಡೊನಾಲ್ಡ್ ಕನೂತ್‌ರ ಪುರಾಣ ತೆಗೆಯುತ್ತಾರೆ: ಪುಣ್ಯಾತ್ಮ ತನ್ನ ಪುಸ್ತಕದ ಅಚ್ಚು ಅಂದವಾಗಿಲ್ಲವೆಂದು 1977ರಲ್ಲಿ ಈ ಲೇಟೆಕ್‌ಗೆ ಬುನಾದಿಯಾದ ಟೆಕ್ ಬರೆಯಲು ಕೂತವರು, ಏಳಲು ಹತ್ತು ವರ್ಷ ದಾಟಿತು. ಇವರಿಗೆ ಮೂರೇ ರಾತ್ರಿ ಅಲ್ಲವೇ!

2020ರ ಲಾಕ್‌ಡೌನ್‌ನಲ್ಲಂತೂ ಎಲ್ಲರೂ ಟ್ರೈಪಾಡು, ಪೆನ್ ಟ್ಯಾಬ್ಲೆಟ್ಟು ಎಂದು ಒದ್ದಾಡುವಾಗ, ಮೇಷ್ಟ್ರು ಅಟ್ಟದಿಂದ ಮೂರು ಕಾಲಿನ ಶ್ಯಾವಿಗೆ ಒರಳು ಇಳಿಸಿದರು. ಮೇಲೆ ಬೋರಲು ಬಿದ್ದ ಮೊಬೈಲು, ಕೆಳಗೆ ಬಿಳಿ ಹಾಳೆ. ಇಡೀ ರಿಯಲ್ ಅನಾಲಿಸಿಸ್ ಆ ಒರಳಿನಡಿಯಲ್ಲೇ ಮುಗಿಯಿತು. ಮನೆಯಾಕೆಗೆ ಆ ವರ್ಷ ಒತ್ತು ಶ್ಯಾವಿಗೆ ಮಾಡುವ ಯೋಗವಿರಲಿಲ್ಲ.

ಅವರಿಗೆ ನಿಜವಾದ ಮೋಹವಿರುವುದು ಸೀಮೆಸುಣ್ಣದ ಮೇಲೆ. ಜಪಾನಿನ ಹಗೊರೊಮೊ ಕಂಪನಿ 2015ರಲ್ಲಿ ಬಾಗಿಲು ಹಾಕುತ್ತದೆಂದಾಗ ಅಮೆರಿಕದ ಗಣಿತಜ್ಞರು ಪೆಟ್ಟಿಗೆಗಟ್ಟಲೆ ಕೂಡಿಟ್ಟುಕೊಂಡರು. ಆಮೇಲೆ ಕೊರಿಯಾದಲ್ಲಿ ತಯಾರಿಕೆ ಮುಂದುವರಿಯಿತು. ಶಿಷ್ಯನೊಬ್ಬ ತಂದುಕೊಟ್ಟ ಒಂದು ಡಬ್ಬಿ ಮೇಷ್ಟ್ರ ಬೀರುವಿನಲ್ಲಿ, ಸೇವಾಪುಸ್ತಕದ ಪಕ್ಕದಲ್ಲೇ ಇದೆ. ಕೇಳಿದವರಿಗೆ ಸೇವಾಪುಸ್ತಕವನ್ನಾದರೂ ಕೊಟ್ಟಾರು.

ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನವರ ಫಾರಂನಲ್ಲಿ ‘ಬಳಸುವ ಐಸಿಟಿ ಸಾಧನ’ ಎಂಬ ಕಾಲಂ ಬಂದಾಗ ಇವರೇನು ಬರೆದಾರು ಎಂದು ನನಗೆ ಕುತೂಹಲ. ಇಣುಕಿದೆ: ‘ಮೊಬೈಲ್ ಕ್ಯಾಮೆರಾ (ವಿದ್ಯಾರ್ಥಿಗಳದ್ದು)’. ಸುಳ್ಳಲ್ಲ. ಗಂಟೆ ಹೊಡೆದೊಡನೆ ಅರವತ್ತು ಫೋನುಗಳು ಮೇಲೇಳುತ್ತವೆ. ಮೇಷ್ಟ್ರು ತಮ್ಮ ನೆರಳು ಬೀಳದಂತೆ ಬೋರ್ಡಿನಿಂದ ಪಕ್ಕಕ್ಕೆ ಸರಿದು ಕೇಳುತ್ತಾರೆ:

‘ಮೂಲೇಲಿರೋ ಡೆಲ್ಟಾ ಬಂತೇನ್ರೋ?’